ಮನೆಗೆ ಬರುವ ಆರೈಕೆ: ಕಾಸರಗೋಡಿನ ಕನ್ನಡ ಪಂಚಾಯತುಗಳ ಒಂದು ಚರಿತ್ರೆ

ಗಡಿನಾಡಿನ ಕನ್ನಡ ಅಂದ ಕೂಡಲೇ ನಮ್ಮ ಚರ್ಚೆ ಶಾಲೆಗೆ ಹೋಗುತ್ತದೆ, ಇಲ್ಲವೇ ಮಹಾಜನ ವರದಿಗೆ. ಎರಡೂ ಬೇಕಾದ್ದೇ. ಆದರೆ ಶಾಲೆಗೆ ಹೋಗುವ ಮಗುವಿನ ಭಾಷೆಯ ಬಗ್ಗೆ ನಾವು ಮಾತಾಡಿದಷ್ಟು, ಅದೇ ಮನೆಯ ಒಳಕೋಣೆಯಲ್ಲಿ ಹಾಸಿಗೆ ಹಿಡಿದು ಮಲಗಿರುವ ಅಜ್ಜಿಯ ಭಾಷೆಯ ಬಗ್ಗೆ ಮಾತಾಡಿಲ್ಲ. ಆ ಅಜ್ಜಿಯ ಹತ್ತಿರ ಇವತ್ತು ಸರಕಾರವೇ ನಡೆದುಕೊಂಡು ಬರುತ್ತದೆ, ಒಬ್ಬ ನರ್ಸ್‌ನ ರೂಪದಲ್ಲಿ. ಅದು ಹೇಗೆ ಸಾಧ್ಯವಾಯಿತು, ಬಂದ ಮೇಲೆ ಅಲ್ಲಿ ಏನಾಗುತ್ತದೆ ಎನ್ನುವುದು ನನ್ನ ಇವತ್ತಿನ ವಿಷಯ. ಚಂದ್ರಗಿರಿ ಹೊಳೆಯ ಉತ್ತರದ ಪಂಚಾಯತುಗಳನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ: ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ಮೀಂಜ, ಪೈವಳಿಕೆ ಇತ್ಯಾದಿ.

ಮೊದಲು ಭೂಗೋಳದ ಒಂದು ಮಾತು. ಬಯಲುಸೀಮೆಯಿಂದ ಸೇರಿಕೊಂಡಿರುವ ಗೆಳೆಯರಿಗೆ ಇದನ್ನು ಹೇಳಲೇಬೇಕು. ಸೊಲ್ಲಾಪುರ, ಆದೋನಿ ಕಡೆಯ ಹಳ್ಳಿಯಲ್ಲಿ ಮನೆಗಳು ಒತ್ತಾಗಿ ಇರುತ್ತವೆ, ಸುತ್ತ ಹೊಲ. ನಮ್ಮಲ್ಲಿ ಹಾಗಿಲ್ಲ. ಒಂದೊಂದು ಮನೆ ಒಂದೊಂದು ಅಡಿಕೆ ತೋಟದ ತಲೆಯಲ್ಲಿ. ಪಕ್ಕದ ಮನೆ ಅಂದರೆ ಒಂದು ಗುಡ್ಡೆ ಹತ್ತಿ, ಒಂದು ತೋಡು ದಾಟಿ, ಕಾಲುಸಂಕದ ಆಚೆ. ‘ಊರು’ ಅನ್ನುವ ಒಂದು ಗುಂಪು ಇಲ್ಲವೇ ಇಲ್ಲ. ಹಾಗಾಗಿ ಆರೋಗ್ಯ ಕೇಂದ್ರ ಎಲ್ಲಿ ಕಟ್ಟಿದರೂ ಅದು ಹೆಚ್ಚಿನವರಿಗೆ ದೂರವೇ. ನಡೆಯಲಾಗದ ರೋಗಿಯನ್ನು ರಸ್ತೆಗೆ ತರಬೇಕಾದರೆ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರಬೇಕು. ಆ ನಾಲ್ಕು ಜನ ಈಗ ಮನೆಯಲ್ಲಿ ಇರುವುದಿಲ್ಲ, ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುತ್ತಾರೆ. ಇಂಥ ಕಡೆ ವೈದ್ಯ ಮನೆಗೆ ಹೋಗುವುದು ಸೌಜನ್ಯದ ಪ್ರಶ್ನೆ ಅಲ್ಲ. ಹೋಗದಿದ್ದರೆ ಚಿಕಿತ್ಸೆ ಇಲ್ಲ, ಅಷ್ಟೇ.

ಹಾಗಾಗಿ ಮನೆಗೆ ಬರುವ ಆರೈಕೆ ಇಲ್ಲಿ ಹೊಸತಲ್ಲ. ಹೆರಿಗೆ ಮಾಡಿಸುವ ಹೆಂಗಸು ಬರುತ್ತಿದ್ದಳು, ಹಾವು ಕಚ್ಚಿದರೆ ವಿಷವೈದ್ಯರು, ಜ್ವರ ಬಿಡದಿದ್ದರೆ ಮದ್ದಿನ ಪಂಡಿತರು. ಇದನ್ನು ನಾವು ಬಹಳ ಮುದ್ದಾಗಿ ನೆನಪಿಸಿಕೊಳ್ಳುತ್ತೇವೆ. ನನಗೆ ಆ ಮುದ್ದಿನ ಬಗ್ಗೆ ಸ್ವಲ್ಪ ಅನುಮಾನ. ಯಾರು ಯಾರ ಮನೆಗೆ ಹೋಗುತ್ತಿದ್ದರು, ಜಗಲಿಯವರೆಗೆ ಯಾರು, ಚಾವಡಿಯವರೆಗೆ ಯಾರು, ಒಳಕೋಣೆಗೆ ಯಾರು ಎನ್ನುವುದೆಲ್ಲ ಜಾತಿಯ ಲೆಕ್ಕದಲ್ಲೇ ತೀರ್ಮಾನ ಆಗುತ್ತಿತ್ತು. ಹೆರಿಗೆಯ ಹೊತ್ತಿಗೆ ಬೇಕಾದ ಕೈ, ಹೆರಿಗೆ ಮುಗಿದ ಮೇಲೆ ಅಂಗಳಕ್ಕೆ ಹೋಗಬೇಕಿತ್ತು. ಇನ್ನು ಪಂಡಿತರು ಬಡವರ ಗುಡಿಸಲಿಗೆ ಎಷ್ಟು ಸಲ ಬಂದರು ಎನ್ನುವುದನ್ನು ಯಾರೂ ಬರೆದಿಟ್ಟಿಲ್ಲ. ಆ ಮೌನವನ್ನೇ ಒಂದು ದಾಖಲೆ ಅಂತ ಇಟ್ಟುಕೊಳ್ಳಬಹುದು.

ಬ್ರಿಟಿಷರ ಕಾಲದಲ್ಲಿ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ವೆನ್ಲಾಕ್ ಆಸ್ಪತ್ರೆಯ ಮೂಲ 1848ಕ್ಕೆ ಹೋಗುತ್ತದೆ; ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಮದ್ದು ಕೊಡಲು ಶುರು ಮಾಡಿದ್ದು ಮುಂದೆ ಆಸ್ಪತ್ರೆ ಆಯಿತು. ಮನೆಮನೆಗೆ ಹೋಗುವ ಸರಕಾರಿ ಮನುಷ್ಯ ಅಂದರೆ ಸಿಡುಬಿನ ಚುಚ್ಚುಮದ್ದಿನವ. ಅವನನ್ನು ಕಂಡರೆ ಮಕ್ಕಳನ್ನು ಅಟ್ಟದಲ್ಲಿ ಅಡಗಿಸುತ್ತಿದ್ದ ಕತೆಗಳು ನಮ್ಮ ಕಡೆ ಈಗಲೂ ಕೇಳಸಿಗುತ್ತವೆ. 1924ರ ಸುಮಾರಿಗೆ ಮದ್ರಾಸ್ ಸರಕಾರ ಹಳ್ಳಿಯಲ್ಲಿ ನೆಲೆಸುವ ವೈದ್ಯರಿಗೆ ಸಹಾಯಧನ ಕೊಡುವ ಯೋಜನೆ ತಂದಿತು. 1946ರ ಭೋರ್ ಸಮಿತಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಕಾಶೆ ಹಾಕಿಕೊಟ್ಟಿತು. ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ, ಬೇಗ ದಾಟುತ್ತೇನೆ.

ನಮಗೆ ಮುಖ್ಯವಾದದ್ದು 1956ರ ನವೆಂಬರ್ 1. ಅವತ್ತು ರಾಜ್ಯದ ಗಡಿ ತಲಪಾಡಿಯಲ್ಲಿ ಬಿತ್ತು. ಆದರೆ ರೋಗಿಗಳ ದಾರಿ ಬದಲಾಗಲಿಲ್ಲ. ಮಂಜೇಶ್ವರದವನಿಗೆ ಕೈ ಮುರಿದರೆ ಮಂಗಳೂರೇ, ಪೆರ್ಲದವನಿಗೆ ಎದೆನೋವು ಬಂದರೂ ಮಂಗಳೂರೇ. ದೊಡ್ಡ ಚಿಕಿತ್ಸೆ ಕರ್ನಾಟಕದ ಖಾಸಗಿ ಆಸ್ಪತ್ರೆಯಲ್ಲಿ, ಚಿಕ್ಕ ಚಿಕಿತ್ಸೆ ಕೇರಳದ ಸರಕಾರಿ ಕೇಂದ್ರದಲ್ಲಿ. ಹೀಗೆ ಒಂದೇ ಶರೀರ ಎರಡು ರಾಜ್ಯಗಳ ಪಾಲಾಯಿತು. ವಿಲೀನೀಕರಣದ ಹೋರಾಟ ನಡೆಯಿತು, 1967ರ ಮಹಾಜನ ವರದಿ ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತು, ಅದು ಜಾರಿ ಆಗಲಿಲ್ಲ. 1984ರಲ್ಲಿ ಕಾಸರಗೋಡು ಜಿಲ್ಲೆ ಆಯಿತು. ಜಿಲ್ಲೆಗೊಂದು ಸರಕಾರಿ ವೈದ್ಯಕೀಯ ಕಾಲೇಜಿಗೆ ಉಕ್ಕಿನಡ್ಕದಲ್ಲಿ ಕಲ್ಲು ಹಾಕಿದ್ದು 2013ರಲ್ಲಿ. ಇಷ್ಟು ಉದ್ದಕ್ಕೂ ಮಂಗಳೂರು ಹತ್ತಿರ ಇದೆಯಲ್ಲ ಅನ್ನುವುದೇ, ಇಲ್ಲಿ ಏನೂ ಕಟ್ಟದಿರುವುದಕ್ಕೆ ಹೇಳದೆ ಇದ್ದ ಕಾರಣ ಅಂತ ನನ್ನ ಅನಿಸಿಕೆ.

ಈಗ ಎಣ್ಮಕಜೆಗೆ ಬರೋಣ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳು ಈ ಜಿಲ್ಲೆಯಲ್ಲಿ 4,600 ಹೆಕ್ಟೇರಿಗೂ ಹೆಚ್ಚು. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಗುಡ್ಡೆಯ ಮೇಲೆ ಗೇರು, ಗುಡ್ಡೆಯ ಬುಡದಲ್ಲಿ ಮನೆ, ಮನೆಯ ನೀರು ಗುಡ್ಡೆಗೆ ಕೊರೆದ ಸುರಂಗದಿಂದ. ಮೇಲೆ ಸುರಿದದ್ದು ಎಲ್ಲಿಗೆ ಇಳಿಯುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಪತ್ರಕರ್ತ ಶ್ರೀಪಡ್ರೆಯವರು 1980ರ ದಶಕದ ಆರಂಭದಲ್ಲೇ, ಅಂಗವೈಕಲ್ಯದ ಕರುಗಳನ್ನು ಕಂಡು ಇದರ ಬಗ್ಗೆ ಬರೆದಿದ್ದರು. ಪಡ್ರೆಯ ವಾಣೀನಗರದಲ್ಲಿ ಡಾ. ವೈ.ಎಸ್. ಮೋಹನಕುಮಾರ್ ಚಿಕ್ಕ ಕ್ಲಿನಿಕ್ ಇಟ್ಟುಕೊಂಡು ಮನೆಗಳಿಗೂ ಹೋಗುತ್ತಿದ್ದ ವೈದ್ಯರು. ಚಿಕ್ಕ ಪ್ರದೇಶ, ಎಲ್ಲ ಕುಟುಂಬಗಳ ಪರಿಚಯ. ಈ ತೋಡಿನ ದಂಡೆಯ ಮನೆಗಳಲ್ಲೇ ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಕ್ಯಾನ್ಸರ್ ಯಾಕೆ ಹೆಚ್ಚು ಅನ್ನುವ ಪ್ರಶ್ನೆ ಅವರಿಗೆ ಬಂತು. 1990ರ ದಶಕದಲ್ಲಿ ಅವರು ಅದನ್ನು ಬರಹದಲ್ಲಿ ಎತ್ತಿದರು.

ನನ್ನ ವಾದ ಇಲ್ಲಿದೆ ನೋಡಿ. ದೊಡ್ಡ ಆಸ್ಪತ್ರೆಗೆ ಈ ರೋಗಿಗಳು ಒಬ್ಬೊಬ್ಬರಾಗಿ ಹೋಗಿದ್ದರು. ಅಲ್ಲಿ ಪ್ರತಿಯೊಬ್ಬರೂ ಒಂದೊಂದು ಚೀಟಿ, ಒಂದೊಂದು ವಿಭಾಗ: ಇವನು ನರರೋಗ, ಅವಳು ಸ್ತ್ರೀರೋಗ, ಆ ಮಗು ಚರ್ಮರೋಗ. ಇವರೆಲ್ಲ ಒಂದೇ ತೋಡಿನ ನೀರು ಕುಡಿಯುವವರು ಎಂಬುದು ಯಾವ ಚೀಟಿಯಲ್ಲೂ ಇರಲಿಲ್ಲ. ಅದು ಕಂಡದ್ದು ಮನೆಯಿಂದ ಮನೆಗೆ ನಡೆದವರಿಗೆ. ಅಂದರೆ ಗೃಹಭೇಟಿ ಬರೇ ಮದ್ದು ತಲುಪಿಸುವ ಸಾಧನ ಅಲ್ಲ, ಅದು ತಿಳಿವಳಿಕೆಯ ಒಂದು ದಾರಿಯೂ ಹೌದು. ವೈದ್ಯಚರಿತ್ರೆ ಬರೆಯುವವರು ಇದನ್ನು ಬೇಗ ಮರೆಯುತ್ತಾರೆ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಪೆರಿಯ ಕಡೆಯ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯಕ್ಕೆ ಹೋದರು. 2000ದ ಕೊನೆಗೆ ವಿಮಾನ ಸಿಂಪಡಣೆ ನಿಂತಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಎಣ್ಮಕಜೆಯ ಮಕ್ಕಳನ್ನು ಮೀಂಜದ ಮಕ್ಕಳ ಜತೆ ಹೋಲಿಸಿ ನೋಡಿತು. ಆ ಅಧ್ಯಯನದ 2003ರ ಪ್ರಬಂಧದಲ್ಲಿ ಪಡ್ರೆಯ 117 ಹುಡುಗರೂ ಹೋಲಿಕೆಗೆ 90 ಹುಡುಗರೂ ಇದ್ದಾರೆ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನಿಗೆ ತಡೆ ಹಾಕಿತು. ಯಾವ ಕಾಯಿಲೆಯಲ್ಲಿ ಈ ವಿಷದ ಪಾಲು ಎಷ್ಟು ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ಜಗಳ ಇದೆ. ಅದನ್ನು ತೀರಿಸುವುದು ನನ್ನ ಕೆಲಸ ಅಲ್ಲ. ಹಾಸಿಗೆಯಲ್ಲಿ ಇರುವವರಿಗೆ ಮಗ್ಗುಲು ಬದಲಿಸಿ ಹುಣ್ಣು ತೊಳೆಯಬೇಕು. ಕಾರಣ ಯಾವುದೇ ಇರಲಿ, ಆ ಕೆಲಸ ಬದಲಾಗುವುದಿಲ್ಲ.

ಆ ಕೆಲಸ ಯಾರು ಮಾಡಬೇಕು? ಇಲ್ಲಿ ಕೇರಳದ ಇನ್ನೊಂದು ಚರಿತ್ರೆ ಬಂದು ಸೇರುತ್ತದೆ, ಮತ್ತು ಇದನ್ನು ಹೊಗಳದೆ ಹೇಳಲಿಕ್ಕೆ ಆಗುವುದಿಲ್ಲ. 1993ರಲ್ಲಿ ಕೋಝಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಉಪಶಮನದ ಒಂದು ಸೊಸೈಟಿ ಕಟ್ಟಿದರು. ಹೊರರೋಗಿ ವಿಭಾಗ ಸಾಲದು, ಬರಲಾಗದವರೇ ಹೆಚ್ಚು ಅಂತ ಬೇಗ ಗೊತ್ತಾಯಿತು. 1990ರ ದಶಕದ ಕೊನೆಗೆ ಮಲಪ್ಪುರಂ ಜಿಲ್ಲೆಯಲ್ಲಿ ಊರವರೇ ಸೇರಿ ರೋಗಿಗಳನ್ನು ನೋಡಿಕೊಳ್ಳುವ ಜಾಲ ಹುಟ್ಟಿತು. ಶಿಕ್ಷಕರು, ಆಟೋ ಚಾಲಕರು, ಗೃಹಿಣಿಯರು, ಅಂಗಡಿಯಿಟ್ಟವರು ತರಬೇತಿ ಪಡೆದು ಮನೆಗಳಿಗೆ ಹೋದರು. ಇದೇ ಹೊತ್ತಿಗೆ ಇನ್ನೊಂದು ಕಡೆ ಅಧಿಕಾರ ವಿಕೇಂದ್ರೀಕರಣ: 1994ರ ಪಂಚಾಯತ್ ರಾಜ್ ಕಾಯ್ದೆ, ಮರುವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಪಂಚಾಯತಿನ ಕೈಗೆ, 1996ರಲ್ಲಿ ಜನಕೀಯ ಯೋಜನೆ. ಇವೆರಡೂ ಸೇರಿದ ಜಾಗದಲ್ಲಿ 2008ರ ಉಪಶಾಮಕ ಆರೈಕೆ ನೀತಿ ಬಂತು. ಭಾರತದಲ್ಲಿ ಇಂಥ ನೀತಿ ತಂದ ಮೊದಲ ರಾಜ್ಯ ಕೇರಳ. ಅದರ ನಂತರ ಪಂಚಾಯತು ತನ್ನ ಯೋಜನಾ ಹಣದಲ್ಲಿ ಒಬ್ಬ ಸಮುದಾಯ ನರ್ಸನ್ನು ಇಟ್ಟು, ಜೀಪು ಗೊತ್ತುಮಾಡಿ, ಆಶಾ ಕಾರ್ಯಕರ್ತೆಯರ ಜತೆ ಮನೆಗಳಿಗೆ ಕಳುಹಿಸುವ ಏರ್ಪಾಡು ಬೆಳೆಯಿತು. ಕೆಥೆಟರ್ ಬದಲಿಸುವುದು, ಮೂಗಿನ ನಳಿಗೆ, ಹಾಸಿಗೆ ಹುಣ್ಣು, ನೋವಿನ ಮಾತ್ರೆ, ಮನೆಯವರಿಗೆ ಕಲಿಸುವುದು, ಇಷ್ಟೂ ಉಚಿತ.

ಗಡಿಯ ಈಚೆಗೆ ಪಕ್ಕದ ಪುತ್ತೂರು, ಬಂಟ್ವಾಳ ತಾಲೂಕಿನ ನೆಂಟರು ಇದನ್ನು ನೋಡಿ ಆಶ್ಚರ್ಯ ಪಡುತ್ತಾರೆ. ಕರ್ನಾಟಕ ಮನೆಬಾಗಿಲ ಆರೋಗ್ಯ ಅಂತ ‘ಗೃಹ ಆರೋಗ್ಯ’ ಶುರು ಮಾಡಿದ್ದು 2024ರಲ್ಲಿ. ತಮಿಳುನಾಡು ‘ಮಕ್ಕಳೈ ತೇಡಿ ಮರುತ್ತುವಂ’ ಶುರು ಮಾಡಿದ್ದು 2021ರ ಆಗಸ್ಟ್‌ನಲ್ಲಿ. ಅದೂ ಚೆನ್ನೈಯಲ್ಲಿ ಅಲ್ಲ, ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ, ನಮ್ಮ ಹೊಸೂರಿನ ಕಡೆ! ಆ ಭಾಗದ ಕನ್ನಡ ಮನೆಗಳಲ್ಲಿ ಏನಾಗುತ್ತಿದೆ ಅಂತ ಹೊಸೂರಿನ ಗೆಳೆಯರು ಯಾರಾದರೂ ಬರೆಯಬೇಕು.

ಹಾಗಾದರೆ ನನ್ನ ತಕರಾರು ಏನು? ಕೇರಳ ಕಟ್ಟಿದ್ದು ದೊಡ್ಡದು. ಆದರೆ ಈ ಆರೈಕೆಯ ಅರ್ಧ ಭಾಗ ಕೈಯ ಕೆಲಸ, ಉಳಿದರ್ಧ ಮಾತಿನ ಕೆಲಸ. ಎಲ್ಲಿ ನೋವು, ಹೇಗೆ ನೋವು, ರಾತ್ರಿ ಎಷ್ಟು ಹೊತ್ತಿಗೆ, ಹೆದರಿಕೆ ಆಗುತ್ತದಾ, ಸೊಸೆ ಸರಿಯಾಗಿ ನೋಡಿಕೊಳ್ಳುತ್ತಾಳಾ; ಇದನ್ನೆಲ್ಲ ಕೇಳಬೇಕು. ಕೇಳುವ ಭಾಷೆ ಯಾವುದು?

ನಾನು ಕೆಲವು ದಿನ ಒಂದು ಪಂಚಾಯತಿನ ಹೋಂ ಕೇರ್ ಜೀಪಿನಲ್ಲಿ ಸುತ್ತಿದೆ. ಪಂಚಾಯತಿನ ಹೆಸರು ಬೇಡ. ನರ್ಸ್ ದಕ್ಷಿಣದ ಜಿಲ್ಲೆಯವರು, ಕೆಲಸದಲ್ಲಿ ಬಹಳ ಚುರುಕು, ಕೈ ಮೆತ್ತಗೆ. ಆಶಾ ಕಾರ್ಯಕರ್ತೆ ಸ್ಥಳೀಯರು. ತುಳು, ಕನ್ನಡ, ಮಲಯಾಳಂ ಮೂರೂ ನೀರು ಕುಡಿದ ಹಾಗೆ. ಒಂದು ಮನೆಯಲ್ಲಿ ನರ್ಸ್ ಕೇಳಿದರು, “ಕ್ಷೀಣಂ ಉಂಡೋ?” ಮಲಯಾಳದಲ್ಲಿ ಇದು ದಿನನಿತ್ಯದ ಮಾತು: ಸುಸ್ತು ಇದೆಯಾ, ಅಷ್ಟೇ. ಅಜ್ಜನಿಗೆ ಕೇಳಿದ್ದು ಕನ್ನಡದ ಕ್ಷೀಣ. ತಾನು ಕ್ಷೀಣಿಸುತ್ತಿದ್ದೇನೆ, ಇನ್ನು ಹೆಚ್ಚು ದಿನ ಇಲ್ಲ ಅಂತ ಸಿಸ್ಟರ್ ಸೂಚನೆ ಕೊಟ್ಟರು ಎಂದು ಆ ಮುಖ ಒಮ್ಮೆಲೇ ಇಳಿಯಿತು. ಆಶಾ ತಕ್ಷಣ ತುಳುವಿನಲ್ಲಿ ಏನೋ ಹೇಳಿ ನಗಿಸಿದರು. ‘ಅವಸ್ಥೆ’ ಅನ್ನುವ ಶಬ್ದವೂ ಹೀಗೇ. ಅವರಿಗೆ ಅದು ಬರೇ ಸ್ಥಿತಿ, ನಮಗೆ ದುರವಸ್ಥೆ. ಎರಡೂ ಭಾಷೆಯಲ್ಲಿ ಸಂಸ್ಕೃತದ ಶಬ್ದ ಇದೆ, ಆದ್ದರಿಂದ ಸಲೀಸು ಅಂತ ನಾವು ಅಂದುಕೊಳ್ಳುತ್ತೇವಲ್ಲ, ಎಡವುವುದು ಅಲ್ಲೇ.

ಇದಕ್ಕೆ ತದ್ವಿರುದ್ಧವಾದ್ದೂ ನಡೆಯಿತು. ಒಂದು ಹವ್ಯಕ ಮನೆಯಲ್ಲಿ ಅಜ್ಜಿ “ಇರುಳು ಒರಕ್ಕು ಬತ್ತಿಲ್ಲೆ ಸಿಸ್ಟರೇ” ಅಂದರು. ಅವರ ಮಗ ಕಾಲೇಜು ಕಲಿತವರು, ಸಿಸ್ಟರಿಗೆ ಅರ್ಥವಾಗಲಿ ಅಂತ ಗ್ರಂಥಸ್ಥ ಕನ್ನಡದಲ್ಲಿ “ರಾತ್ರಿ ನಿದ್ರೆ ಬರುವುದಿಲ್ಲವಂತೆ” ಎಂದು ತಿದ್ದಿ ಹೇಳಿದರು. ನರ್ಸ್ ನಕ್ಕು, ಅಮ್ಮ ಹೇಳಿದ್ದೇ ನನಗೆ ಅರ್ಥವಾಯಿತು ಎಂದರು. ಯಾಕೆಂದರೆ ಮಲಯಾಳದ ‘ಉರಕ್ಕಂ’ ಮತ್ತು ಹವ್ಯಕದ ‘ಒರಕ್ಕು’ ಒಂದೇ ಬುಡದ ಶಬ್ದ. ತುಳು, ಹವ್ಯಕ, ಕರಾಡ ಮರಾಠಿ, ಕೊಂಕಣಿ, ಬ್ಯಾರಿ ಎಲ್ಲ ಇರುವ ಈ ಸಪ್ತಭಾಷೆಯ ನೆಲದಲ್ಲಿ ಶಿಷ್ಟ ಕನ್ನಡದ ಕರಪತ್ರ ಅಚ್ಚು ಹಾಕಿಸಿ ಹಂಚಿದರೆ ಭಾಷಾಹಕ್ಕು ಸಿಕ್ಕಿತು ಎನ್ನುವವರು ಈ ಮನೆಗೆ ಒಮ್ಮೆ ಬರಬೇಕು. ಅಲ್ಲಿ ಬೇಕಾದದ್ದು ಕರಪತ್ರ ಅಲ್ಲ, ಮನೆಮಾತಿಗೆ ಕಿವಿ ಇರುವ ಒಬ್ಬ ಮನುಷ್ಯ.

ಇನ್ನೊಂದು ಕಷ್ಟ ಇದಕ್ಕಿಂತ ಗಂಭೀರ. ದುಭಾಷಿ ಯಾರು? ಆಶಾ ಇಲ್ಲದ ದಿನ ಮನೆಯವರೇ. ಕ್ಯಾನ್ಸರ್ ಇರುವ ಒಬ್ಬ ಹೆಂಗಸು ತುಳುವಿನಲ್ಲಿ ತುಂಬ ಹೊತ್ತು ಮಾತಾಡಿದರು. ಮಗ ಅದನ್ನು ಎರಡು ವಾಕ್ಯಕ್ಕೆ ಇಳಿಸಿದ: ನೋವು ಕಡಿಮೆ ಇದೆ, ಊಟ ಸೇರುವುದಿಲ್ಲ. ಅವರು ಹೇಳಿದ್ದರಲ್ಲಿ ತನಗೆ ಏನು ಕಾಯಿಲೆ ಎಂಬ ಪ್ರಶ್ನೆ ಇತ್ತು. ಅದು ನರ್ಸ್‌ಗೆ ತಲುಪಲಿಲ್ಲ. ಮಗನನ್ನು ದೂರುವುದಲ್ಲ, ಅವನು ಅಮ್ಮನನ್ನು ಕಾಪಾಡುತ್ತಿದ್ದೇನೆ ಎಂದೇ ತಿಳಿದಿದ್ದ. ಆದರೆ ಉಪಶಾಮಕ ಆರೈಕೆಯ ಮೂಲ ತತ್ವವೇ ರೋಗಿಯ ಪ್ರಶ್ನೆ ಕೇಳುವುದು. ಆ ಒಂದು ಪ್ರಶ್ನೆ ಭಾಷೆಯ ಸಂದಿನಲ್ಲಿ ಕಳೆದುಹೋಯಿತು.

ಕಾನೂನು ಏನು ಹೇಳುತ್ತದೆ? 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದ ಜತೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಲೋಕಸೇವಾ ಆಯೋಗ ಕಾಸರಗೋಡಿನಲ್ಲಿ ಮಲಯಾಳಂ-ಕನ್ನಡ ಎರಡೂ ಬಲ್ಲವರಿಗೆಂದೇ ಗುಮಾಸ್ತ ಹುದ್ದೆಗಳಿಗೆ ಅರ್ಜಿ ಕರೆದದ್ದುಂಟು. ಎಲ್ಲವೂ ಕಾಗದದ ಸುತ್ತ. ಕಾನೂನಿನ ಕಲ್ಪನೆಯ ಕನ್ನಡಿಗ ಅರ್ಜಿ ಬರೆಯುವವನು, ನರಳುವವನು ಅಲ್ಲ. ಪಂಚಾಯತಿನ ಉಪಶಾಮಕ ನರ್ಸ್ ಗುತ್ತಿಗೆಯ ಮೇಲೆ ಬರುವವರು. ಅವರ ಆಯ್ಕೆ ಆಯೋಗದ ಮೂಲಕ ಅಲ್ಲ, ಸ್ಥಳೀಯ ಸಂದರ್ಶನದ ಮೂಲಕ. ಹಾಗಾಗಿ ಕನ್ನಡವೋ ತುಳುವೋ ಬಲ್ಲವರು ಸಿಗುವುದು ಅದೃಷ್ಟದ ಮಾತು. ಕಡಿಮೆ ಸಂಬಳ, ವರ್ಷವರ್ಷ ಮುಂದುವರಿಸುವ ಒಪ್ಪಂದ. ಒಬ್ಬರು ಮನೆಮಾತು ಕಲಿಯುವಷ್ಟರಲ್ಲಿ ಬೇರೆ ಕಡೆಗೆ ಹೋಗಿರುತ್ತಾರೆ. ಈ ಕಂದರದ ಮೇಲಿನ ಕಾಲುಸಂಕ ಆಶಾ ಕಾರ್ಯಕರ್ತೆ. ಅವರ ಗೌರವಧನದ ಪಟ್ಟಿಯಲ್ಲಿ ಭಾಷಾಂತರ ಎಂಬ ಕೆಲಸವೇ ಇಲ್ಲ.

2020ರ ಮಾರ್ಚ್ ಕೊನೆಯ ವಾರ ನಿಮಗೆ ನೆನಪಿರಬಹುದು. ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ತಿರುಗಿ ಬಂದವು, ದಾಟಲಾಗದೆ ರೋಗಿಗಳು ಸತ್ತ ಸುದ್ದಿಗಳು ಬಂದವು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟಿನ ಆದೇಶ, ನಂತರ ಸುಪ್ರೀಂ ಕೋರ್ಟಿನಲ್ಲಿ ತುರ್ತು ರೋಗಿಗಳನ್ನು ಬಿಡುವ ಒಪ್ಪಂದ. ಅರವತ್ತು ವರ್ಷ ಕಾಗದದ ಮೇಲಿದ್ದ ಗೆರೆ ಒಂದು ರಾತ್ರಿಯಲ್ಲಿ ಮಣ್ಣಿನ ದಿಬ್ಬ ಆಯಿತು. ಡಯಾಲಿಸಿಸ್, ಕಿಮೋ, ಅಪಸ್ಮಾರದ ಮಾತ್ರೆ ಎಲ್ಲಕ್ಕೂ ಮಂಗಳೂರನ್ನೇ ನಂಬಿದವರಿಗೆ ಆಗ ಮನೆಗೆ ಬರಬಲ್ಲವರಾಗಿ ಉಳಿದದ್ದು ಪಂಚಾಯತಿನ ಜೀಪು ಮಾತ್ರ. ಭಾಷೆ ಬಾರದ ಆ ಜೀಪು ನಮ್ಮದು ಅಂತ ಎಷ್ಟೋ ಕನ್ನಡ ಮನೆಗಳು ಮೊದಲ ಸಲ ಅಂದುಕೊಂಡದ್ದು ಆವಾಗ ಎಂದು ಆಶಾಗಳು ಹೇಳುತ್ತಾರೆ. ಅಭಿಮಾನದ ಭಾಷೆ ಆಡುವ ನಾಡು ದಾರಿ ಮುಚ್ಚಿತ್ತು, ಆಡದ ನಾಡು ಬಾಗಿಲಿಗೆ ಬಂದಿತ್ತು. ನಮ್ಮ ವಿಲೀನೀಕರಣದ ಸಾಹಿತ್ಯ ಈ ಗಂಟನ್ನು ಇನ್ನೂ ಬಿಡಿಸಿಲ್ಲ.

ಸಂಯೋಜಕರು ಚೀಟಿ ಕಳಿಸಿದ್ದಾರೆ, ಪರಿಹಾರದ ಹಣದ ಬಗ್ಗೆ ಒಬ್ಬ ವಿದ್ಯಾರ್ಥಿನಿ ಕೇಳಿದ್ದಾರಂತೆ. ಹೌದಮ್ಮ, 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಲು ಹೇಳಿತ್ತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ. ಆಮೇಲೆ ಹೆಚ್ಚಿನವರಿಗೆ ಸಿಕ್ಕಿತು. ಆ ಆದೇಶದ ಪಟ್ಟಿಯಲ್ಲಿ ಸಂಪೂರ್ಣ ಹಾಸಿಗೆ ಹಿಡಿದವರು 102 ಮಂದಿ. ಅದೇ ವರ್ಷ ಆಗಸ್ಟ್‌ನಲ್ಲಿ ಕೋರ್ಟು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರಿಗೆ ಆಸ್ಪತ್ರೆಗಳನ್ನೂ ಉಪಶಾಮಕ ಸೌಲಭ್ಯಗಳನ್ನೂ ಹೋಗಿ ನೋಡಿ ವರದಿ ಕೊಡಲು ಹೇಳಿತು.

ಈ 102 ಮಂದಿಯನ್ನು ನೋಡಿಕೊಳ್ಳುವವರು ಬಹುಪಾಲು ತಾಯಂದಿರು, ಈಗ ಅವರಿಗೇ ಅರವತ್ತು, ಎಪ್ಪತ್ತು. ಹಣ ಬಂದ ಮೇಲೆ ಏನು ಬದಲಾಯಿತು ಅಂತ ನಾನು ಒಬ್ಬ ತಾಯಿಯನ್ನು ಕೇಳಿದೆ. ಮಾಡು ಸರಿ ಮಾಡಿಸಿದೆವು, ಸೋರುವುದಿಲ್ಲ ಅಂದರು. ಮತ್ತೆ ತಾವೇ ಕೇಳಿದರು: “ಸಿಸ್ಟರ್ ತಿಂಗಳಿಗೊಮ್ಮೆ ಬತ್ತವು. ಉಳುದ ದಿನ ಆನು. ಎನ್ನ ನಂತ್ರ ಆರು?”